ಟಪಾಲು ಪೆಟ್ಟಿಗೆಯೊಳಗೆ ಮಳೆನೀರು

ಪ್ರಶ್ನೆ: ವಿಜಯನಗರದ ಒಂದು ಮನೆಯ ನೆಲಮಹಡಿಯಲ್ಲಿ ನಾವು ಬಾಡಿಗೆಗಿದ್ದೇವೆ. ಗೇಟಿನ ಪಕ್ಕ ಕಾಂಪೌಂಡ್ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿರುವ ತಗಡಿನ ಟಪಾಲು ಪೆಟ್ಟಿಗೆಯೊಳಗೆ ಪ್ರತಿ ಮಳೆಗೂ ನೀರು ಸೇರುತ್ತದೆ. ಕಳೆದ ತಿಂಗಳು ಬ್ಯಾಂಕಿನ ಪತ್ರವೂ ತಾಯಿಯವರ ವಿಮೆಯ ಕಾಗದವೂ ನೆನೆದು ಮುದ್ದೆಯಾದವು. ಮುಂಬದಿಯ ಬಾಗಿಲಿನ ಸುತ್ತ ಎರಡು ಬಾರಿ ಸಿಲಿಕೋನ್ ಹಚ್ಚಿದರೂ ಸೋರಿಕೆ ನಿಂತಿಲ್ಲ. ಮಾಲೀಕರು, ‘ಇಷ್ಟು ಸಣ್ಣ ಕೆಲಸ, ನೀವೇ ಮಾಡಿಸಿಕೊಳ್ಳಿ’ ಎನ್ನುತ್ತಾರೆ. ದುರಸ್ತಿ ಹೇಗೆ, ಖರ್ಚು ಯಾರದು?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ನೀವು ಸಿಲಿಕೋನ್ ಹಚ್ಚಿದ ಜಾಗ ಬೇರೆ, ನೀರು ಬರುತ್ತಿರುವ ಜಾಗ ಬೇರೆ ಇರಬಹುದೆಂದು ನನಗೆ ತೋರುತ್ತದೆ. ಬಾಗಿಲಿನ ಸಂದು ಕಣ್ಣೆದುರೇ ಇರುವುದರಿಂದ ಎಲ್ಲರೂ ಮೊದಲು ಅಲ್ಲಿಗೇ ಕೈಹಾಕುತ್ತಾರೆ. ಆದರೆ ಗೋಡೆಗೆ ಕೂರಿಸಿದ ಪೆಟ್ಟಿಗೆಯಲ್ಲಿ, ಕಾಂಪೌಂಡಿನ ತಲೆಯಿಂದ ಇಳಿದ ನೀರು ಪೆಟ್ಟಿಗೆಯ ಬೆನ್ನಿಗೂ ಗೋಡೆಗೂ ನಡುವಿನ ಸಂದಿಗೆ ಸೇರಿ, ಸ್ಕ್ರೂ ತೂತುಗಳ ಮೂಲಕ ಸದ್ದಿಲ್ಲದೆ ಒಳಗೆ ಜಿನುಗುವುದುಂಟು. ಆದ್ದರಿಂದ ಮತ್ತೊಂದು ಟ್ಯೂಬ್ ಕೊಳ್ಳುವ ಮೊದಲು ನೀರಿನ ದಾರಿಯನ್ನು ಪತ್ತೆಮಾಡಿ.

ಅದಕ್ಕೆ ಒಂದು ಒಣ ದಿನ ಸಾಕು. ಪೆಟ್ಟಿಗೆಯ ಒಳಮೈಯನ್ನು ಚೆನ್ನಾಗಿ ಒರೆಸಿ, ನಾಲ್ಕು ಬದಿಗೂ ಸೀಮೆಸುಣ್ಣ ಉಜ್ಜಿ, ತಳಕ್ಕೆ ಹಳೆಯ ಪತ್ರಿಕೆಯ ಹಾಳೆ ಹಾಸಿ. ಬಾಗಿಲು ಮುಚ್ಚಿ, ಮೊದಲು ಬಾಗಿಲಿನ ಕೆಳಗಿನ ಸಂದಿಗೆ, ಆಮೇಲೆ ಪತ್ರ ಹಾಕುವ ಬಾಯಿಗೆ, ಕೊನೆಗೆ ಪೆಟ್ಟಿಗೆಯ ಮೇಲಿನ ಗೋಡೆಗೆ ಮಗ್ಗಿನಿಂದ ನಿಧಾನವಾಗಿ ನೀರು ಸುರಿದು, ಪ್ರತಿ ಸಲವೂ ತೆರೆದು ನೋಡಿ. ಕೆಳಗಿನಿಂದ ಮೇಲಕ್ಕೆ ಹೋಗುವುದು ಮುಖ್ಯ. ಮೇಲಿನಿಂದ ಆರಂಭಿಸಿದರೆ ಇಳಿಯುವ ನೀರು ಎಲ್ಲ ಸಂದುಗಳನ್ನೂ ಒಟ್ಟಿಗೆ ತೋಯಿಸಿ ಗೊಂದಲ ಮಾಡುತ್ತದೆ. ಸೀಮೆಸುಣ್ಣ ಎಲ್ಲಿ ಗೆರೆಯಾಗಿ ಅಳಿಸಿದೆಯೋ ಅಲ್ಲೇ ನೀರಿನ ದಾರಿಯಿದೆ.

ಹಿಂಬದಿಯಿಂದ ಬರುತ್ತಿದ್ದರೆ ಪೆಟ್ಟಿಗೆಯನ್ನು ಕಳಚಲೇಬೇಕು. ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ಎನಾಮಲ್ ಬಣ್ಣ ಹಚ್ಚಿ. ಬಣ್ಣ ಪೂರ್ಣ ಒಣಗಿದ ನಂತರವೇ ಸಿಲಿಕೋನಿನ ಸರದಿ, ಏಕೆಂದರೆ ಸಿಲಿಕೋನಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಹಾಗೆಯೇ ತುಕ್ಕು, ತೇವ ಅಥವಾ ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಅಂಟುವುದಿಲ್ಲ. ನಿಮ್ಮ ಎರಡನೆಯ ಪ್ರಯತ್ನ ಸೋತದ್ದು ಇದರಿಂದಲೇ ಇರಬಹುದು, ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕೋನ್ ಎಂದೇ ಕೇಳಿ ಪಡೆಯಿರಿ. ವಿನೆಗರಿನಂತೆ ಹುಳಿವಾಸನೆ ಬರುವ ಬಗೆಯು ಕಬ್ಬಿಣದ ತಗಡಿಗೆ ತುಕ್ಕು ತರಿಸಬಲ್ಲದು, ಸಿಮೆಂಟಿಗೂ ಚೆನ್ನಾಗಿ ಹಿಡಿಯುವುದಿಲ್ಲ. ಪ್ರತಿ ಸ್ಕ್ರೂವಿಗೆ ರಬ್ಬರ್ ವಾಷರ್ ಹಾಕಿ ಪೆಟ್ಟಿಗೆಯನ್ನು ಮತ್ತೆ ಕೂರಿಸಿದ ಮೇಲೆ, ಗೋಡೆಗೆ ತಾಗುವ ಮೇಲಂಚಿಗೂ ಎರಡು ಪಕ್ಕಗಳಿಗೂ ಸಿಲಿಕೋನ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಕೆಳಗಿನ ಅಂಚಿಗೆ ಮಾತ್ರ ಹಚ್ಚಲೇಬೇಡಿ. ಅಲ್ಲಿಯೂ ಮುಚ್ಚಿದರೆ ಹೇಗೋ ನುಸುಳಿದ ನೀರು ಹೊರಹೋಗಲಾರದೆ ಪೆಟ್ಟಿಗೆಯ ಬೆನ್ನಿನಲ್ಲೇ ನಿಂತು ತಗಡನ್ನು ತಿನ್ನುತ್ತದೆ. ಇದೇ ಕಾರಣಕ್ಕೆ ತಳದ ಮೂಲೆಗಳಲ್ಲಿ ಎರಡು ಸಣ್ಣ ತೂತುಗಳಿರಬೇಕು. ಇದ್ದರೆ ಕಸ ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಬಳಿಯುವ ಮೊದಲೇ ಕೊರೆಸಿ. ಒಳಗೆ ಬೆರಳೆತ್ತರದ ಪ್ಲಾಸ್ಟಿಕ್ ಜಾಲರಿ ಇಟ್ಟರೆ ಕಾಗದ ತಳಕ್ಕೆ ತಾಗುವುದಿಲ್ಲ.

ಬಾಯಿಯಿಂದ ನೀರು ಬರುತ್ತಿದ್ದರೆ, ಅದರ ಮೇಲೆ ಮುಂದಕ್ಕೆ ಚಾಚಿ ಕೆಳಗೆ ಬಾಗಿದ ತಗಡಿನ ಪುಟ್ಟ ಸಜ್ಜೆ ಹಾಕಿಸಿ. ಅಂಚು ಕೆಳಕ್ಕೆ ಮಡಚಿರಲೇಬೇಕು, ಇಲ್ಲವಾದರೆ ನೀರು ತಗಡಿನ ಅಡಿಮೈಗೆ ಅಂಟಿಕೊಂಡೇ ಬಾಯಿಯವರೆಗೆ ಹರಿದು ಬರುತ್ತದೆ. ದಪ್ಪ ಲಕೋಟೆಗಳೂ ಜಾಹೀರಾತಿನ ಹಾಳೆಗಳೂ ಬಾಯಲ್ಲಿ ಅರ್ಧ ಸಿಕ್ಕಿಕೊಂಡರೆ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಒಳಕ್ಕೆ ಎಳೆಯುತ್ತವೆ. ನಮ್ಮ ಊರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಜೋರುಮಳೆ ಹೆಚ್ಚಾಗಿ ಸಂಜೆಯ ಮೇಲೆ ಬರುವುದರಿಂದ, ಅಂಚೆಯವರು ಹಗಲು ಹಾಕಿಹೋದುದನ್ನು ಕತ್ತಲಾಗುವ ಮೊದಲೇ ತೆಗೆದುಕೊಳ್ಳಿ. ನೆನೆದ ಪತ್ರವಿದ್ದರೆ ಬಿಸಿಲಿಗಿಡದೆ, ಇಸ್ತ್ರಿ ಹಾಕದೆ, ಒಣ ಬಿಳಿ ಕಾಗದಗಳ ನಡುವೆ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಿ.

ಇನ್ನು ಖರ್ಚಿನ ಮಾತು. ಮೊದಲು ನಿಮ್ಮ ಕರಾರುಪತ್ರವನ್ನು ಓದಿ. ಸಣ್ಣಪುಟ್ಟ ದುರಸ್ತಿ ಯಾರದೆಂದು ಅದರಲ್ಲಿ ಬರೆದಿದ್ದರೆ ಅದೇ ನಡೆಯುತ್ತದೆ. ಮಾಲೀಕರು ಮಾಡಿಸಲು ಬದ್ಧರಾಗಿರುವ ದುರಸ್ತಿಯನ್ನು, ತಿಳಿಸಿದ ಮೇಲೂ ಸೂಕ್ತ ಅವಧಿಯೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಒಂದು ಟ್ಯೂಬ್ ಸಿಲಿಕೋನಿಗಾಗಿ ಕಾಯಿದೆಯವರೆಗೆ ಹೋಗಬೇಡಿ ಎಂಬುದೇ ನನ್ನ ಸಲಹೆ. ಅವರೇ ‘ಮಾಡಿಸಿಕೊಳ್ಳಿ’ ಎಂದಿರುವುದರಿಂದ, ಪೆಟ್ಟಿಗೆಯ ಫೋಟೊ ಸಹಿತ ವಾಟ್ಸ್ಆ್ಯಪಿನಲ್ಲಿ, ‘ನೀವು ಹೇಳಿದಂತೆ ಕಳಚಿ ಸರಿಪಡಿಸುತ್ತೇವೆ, ಬಿಲ್ಲು ಕಳಿಸಬಹುದೇ?’ ಎಂದು ಬರೆದು ಒಪ್ಪಿಗೆ ಪಡೆಯಿರಿ. ಮನೆ ಬಿಡುವಾಗ ಗೋಡೆಯ ತೂತುಗಳ ನೆಪದಲ್ಲಿ ಅಡ್ವಾನ್ಸ್ ಹಣ ಮುರಿದುಕೊಳ್ಳುವ ಮಾತು ಬಂದರೆ ಆ ಒಂದು ಸಾಲು ನಿಮ್ಮ ಕೈಯಲ್ಲಿರುತ್ತದೆ. ತಳವೇ ತುಕ್ಕು ತಿಂದು ಹೋಗಿದ್ದು ಹೊಸ ಪೆಟ್ಟಿಗೆಯನ್ನೇ ನಿಮ್ಮ ಹಣದಲ್ಲಿ ಕೂರಿಸಿದರೆ, ಹಳೆಯದನ್ನು ಎಸೆಯದೆ ಮಾಲೀಕರಿಗೆ ಒಪ್ಪಿಸಿ, ಹೋಗುವಾಗ ನಿಮ್ಮದನ್ನು ಕಳಚಿ ಒಯ್ಯುವುದಾಗಿಯೂ ತೂತುಗಳನ್ನು ಸಿಮೆಂಟಿನಿಂದ ಮುಚ್ಚಿಸುವುದಾಗಿಯೂ ಅದೇ ಸಂದೇಶದಲ್ಲಿ ಸೇರಿಸಿ.