ದಕ್ಷಿಣ ಕೊಡಗಿನ ಬ್ರಹ್ಮಗಿರಿ ಬೆಟ್ಟಕ್ಕೆ ಒಬ್ಬನೇ ಹೋಗಿಬರಬಹುದೇ? ದಾರಿಯಲ್ಲಿ ಆನೆ ಎದುರಾದರೆ ಏನು ಮಾಡಬೇಕು?

ಫೋನಿನಲ್ಲಿ ದಾರಿಯ ನಕ್ಷೆ ಇರುವುದರಿಂದ ಅರಣ್ಯ ಇಲಾಖೆಯ ವಾಚರ್ ಜೊತೆಗೆ ಬರುವುದು ದಂಡವೆಂದೂ, ಆನೆ ಎದುರಾದರೆ ಓಡಬೇಕೋ ನಿಲ್ಲಬೇಕೋ ಎಂಬುದಷ್ಟೇ ತಿಳಿದರೆ ಸಾಕೆಂದೂ ಬರೆದಿದ್ದೀರಿ. 2013ರ ಡಿಸೆಂಬರಿನಲ್ಲಿ ನಾನೂ ಇದೇ ಲೆಕ್ಕಾಚಾರದಲ್ಲಿದ್ದೆ. ನನ್ನ ಬಲಗಾಲಿನ ಹರಡಿನಲ್ಲಿ ಈಗ ಒಂದು ಪ್ಲೇಟೂ ಆರು ಸ್ಕ್ರೂಗಳೂ ಇವೆ.

ನಾವು ಮೂವರಿದ್ದೆವು: ನಾನು, ನನ್ನ ಚಿಕ್ಕಪ್ಪನ ಮಗ, ಮತ್ತು ಐವತ್ತರ ಆಸುಪಾಸಿನ ಒಬ್ಬ ವಾಚರ್. ಇರ್ಪು ಜಲಪಾತದ ಬಳಿ ಬೆಳಗಿನ ಚಳಿಯಲ್ಲಿ ಹೊರಟು, ಮರಗಳ ನಡುವಿನ ಏರನ್ನು ಮುಗಿಸಿ, ನರಿಮಲೆಯ ಕ್ಯಾಂಪನ್ನು ದಾಟಿದೊಡನೆ ಕಾಡು ಬಾಗಿಲು ತೆರೆದಂತೆ ಸರಿದು ಹುಲ್ಲುಗಾವಲು ಕಾಣಿಸಿಕೊಂಡಿತು. ಬೋಳು ಗುಡ್ಡಗಳ ಮೇಲೆ ಎದೆಯೆತ್ತರದ ಹುಲ್ಲು, ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಿಕೊಂಡಿರುವ ಶೋಲಾ ಕಾಡು, ಪ್ರತಿ ಶೋಲಾದ ಹೊಟ್ಟೆಯಲ್ಲಿ ಒಂದು ನೀರಿನ ಒರತೆ. ಲಕ್ಷ್ಮಣತೀರ್ಥ ನದಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. 1,608 ಮೀಟರಿನ ನೆತ್ತಿಯ ಮೇಲೆ ನಿಂತರೆ ಆಚೆಗೆ ಕೇರಳದ ವಯನಾಡು ಕಾಣುತ್ತದೆ. ಮೂಡಣಕ್ಕೆ ನಾಗರಹೊಳೆ, ತೆಂಕಣಕ್ಕೆ ವಯನಾಡಿನ ಕಾಡು ಇರುವ ಈ ಬೆಟ್ಟಗಳಲ್ಲಿ ಆನೆಗಳಿಗೆ ರಾಜ್ಯದ ಗಡಿಯೆಂಬುದು ಲೆಕ್ಕಕ್ಕಿಲ್ಲ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಅಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ. ನನ್ನ ಧೈರ್ಯವೆಲ್ಲ ಅದರಿಂದ ಬಂದದ್ದು.

ಬೆಳಿಗ್ಗೆ ಏರುವಾಗ ವಾಚರ್ ಒಂದೆಡೆ ನಿಂತು, ಲದ್ದಿಯ ಮುದ್ದೆಯೊಂದನ್ನು ಕೋಲಿನಿಂದ ಸೀಳಿ, ಒಳಗೆ ಬೆರಳಿಟ್ಟು ನೋಡಿ, "ಇದು ನಿನ್ನೆಯದು ಸಾರ್, ನಡೆಯಿರಿ" ಎಂದಿದ್ದರು. ನಾನು ಅದನ್ನು ಫೋಟೋ ತೆಗೆದೆನೇ ಹೊರತು ಅದರಿಂದ ಏನನ್ನೂ ಕಲಿಯಲಿಲ್ಲ.

ಇಳಿಯುವಾಗ ಸುಮಾರು ಎರಡು ಗಂಟೆಯ ಹೊತ್ತಿಗೆ ತಮ್ಮನಿಗೆ ಮೀನಖಂಡ ಹಿಡಿದುಕೊಂಡಿತು. ವಾಚರ್ ಅವನ ಕಾಲು ನೀವುತ್ತ ಕುಳಿತರು. ನಾನು ಸುಮ್ಮನೆ ಕೂರಲಾರದೆ "ಮೆಲ್ಲಗೆ ಮುಂದೆ ಹೋಗುತ್ತಿರುತ್ತೇನೆ ಅಣ್ಣ" ಎಂದೆ. "ಬೆಟ್ಟದ ಏಣಿನ ಮೇಲೇ ಇರಿ, ಕೆಳಗೆ ಇಳಿಯಬೇಡಿ" ಎಂದರು. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ದಾರಿ ಕವಲೊಡೆಯಿತು. ಬೆಳಿಗ್ಗೆ ನಾವು ಬಂದ ದಾರಿ ಬೆಟ್ಟದ ಏಣನ್ನು ಹಿಡಿದು ದೊಡ್ಡ ಸುತ್ತು ಹೊಡೆಯುತ್ತಿತ್ತು. ಎಡಗಡೆಯದು ಹದವಾದ ಇಳಿಜಾರಿನಲ್ಲಿ ಶೋಲಾದ ಕಡೆಗೆ ಇಳಿದು, ಆಚೆ ಬದಿಯಲ್ಲಿ ಮತ್ತೆ ಏಣನ್ನು ಸೇರುವಂತೆ ಕಾಣುತ್ತಿತ್ತು. ಒರತೆಯಲ್ಲಿ ನೀರು ತುಂಬಿಕೊಂಡು, ಅವರಿಬ್ಬರು ಬರುವ ಮೊದಲೇ ಆಚೆ ದಡದಲ್ಲಿ ನಗುತ್ತ ಕುಳಿತಿರಬಹುದೆಂದು ಯೋಚಿಸಿ ಎಡಕ್ಕೆ ತಿರುಗಿದೆ.

ಈ ಒಂದು ತಿರುವಿನ ಬಗ್ಗೆ ನಾನು ಹಾಸಿಗೆಯ ಮೇಲೆ ಹನ್ನೊಂದು ವಾರ ಯೋಚಿಸಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಬೇಸರಿಸಬೇಡಿ. ಎಡಗಡೆಯ ದಾರಿ ಬಲಗಡೆಯದಕ್ಕಿಂತ ಅಗಲವಾಗಿತ್ತು, ಹುಲ್ಲು ಪೂರ್ತಿ ಮಲಗಿತ್ತು, ಎಲ್ಲಿಯೂ ಕಡಿದಾದ ಇಳುಕಲು ಇರಲಿಲ್ಲ. ಇಷ್ಟು ಚೆನ್ನಾಗಿ ಸವೆದಿರುವ ದಾರಿ ಮನುಷ್ಯರದೇ ಆಗಿರಬೇಕೆಂದು ನಾನು ತೀರ್ಮಾನಿಸಿದೆ. ನಿಜಸಂಗತಿ ಇದರ ತದ್ವಿರುದ್ಧ. ಆ ಬೆಟ್ಟಗಳಲ್ಲಿ ಮನುಷ್ಯರ ದಾರಿಯೆಂದರೆ ಒಂದು ಪಾದ ಹಿಡಿಸುವಷ್ಟು ಅಗಲದ ಗೀರು; ನಾವು ಹಗುರವಾದ್ದರಿಂದ ನೇರವಾಗಿ, ಕಡಿದಾಗಿ, ಏದುಸಿರು ಬಿಡುತ್ತ ಹತ್ತುತ್ತೇವೆ. ಮೂರು ನಾಲ್ಕು ಟನ್ ತೂಕದ ಜೀವ ಹಾಗೆ ಮಾಡುವುದಿಲ್ಲ. ಅದು ಬೆಟ್ಟವನ್ನು ಓರೆಯಾಗಿ ಬಳಸಿ, ನೆರಳಿಗೂ ನೀರಿಗೂ ಕಡಿಮೆ ಆಯಾಸದಲ್ಲಿ ತಲುಪುವಂತೆ ದಾರಿ ಮಾಡಿಕೊಳ್ಳುತ್ತದೆ, ಮತ್ತು ತಲೆಮಾರುಗಳ ಕಾಲ ಅದರಲ್ಲೇ ನಡೆಯುತ್ತದೆ. ಆನೆದಾರಿ ನಕ್ಷೆಯಲ್ಲಿಯೂ ಸೊಗಸಾದ ಕಾಲುದಾರಿಯಂತೆಯೇ ಕಾಣುತ್ತದೆ. ನಿಮ್ಮ ಫೋನು ಅದನ್ನು ತೋರಿಸಿದರೂ ಅದು ಯಾರ ದಾರಿಯೆಂದು ಹೇಳುವುದಿಲ್ಲ.

ಎರಡನೆಯದು ಲದ್ದಿ. ದಾರಿಯಲ್ಲಿ ಮೂರು ಕಡೆ ಬಿದ್ದಿತ್ತು. ಬೂಟಿನ ತುದಿಯಿಂದ ತಟ್ಟಿ ನೋಡಿದೆ. ಮೇಲ್ಭಾಗ ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು, ಹಳೆಯದೆಂದುಕೊಂಡು ದಾಟಿದೆ. ಬಯಲಿನ ಬಿಸಿಲಿನಲ್ಲಿ ಲದ್ದಿಯ ಹೊರಮೈ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಒಳಗಿನ ಬಿಸಿ, ಹಸಿ ಬೇಗ ಆರುವುದಿಲ್ಲ. ವಾಚರ್ ಬೆಳಿಗ್ಗೆ ಬೆರಳಿಟ್ಟದ್ದು ಅದಕ್ಕಾಗಿಯೇ.

ಮೂರನೆಯದು ಗಾಳಿ, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಬಿಸಿಲೇರಿದ ಮೇಲೆ ಇಳಿಜಾರಿನ ನೆಲ ಕಾದು, ಗಾಳಿ ಕಣಿವೆಯಿಂದ ಮೇಲ್ಮುಖವಾಗಿ ಬೀಸುತ್ತದೆ. ಸಂಜೆ ನೆಲ ತಣಿದಾಗ ಅದು ತಿರುಗಿ ಕೆಳಕ್ಕೆ ಹರಿಯುತ್ತದೆ. ಬೆಳಿಗ್ಗೆ ಬಿಸಿಲು ಬಲಿತ ಮೇಲೆ ನಾವು ಏರುತ್ತಿದ್ದಾಗ ನಮ್ಮ ಬೆವರಿನ ವಾಸನೆ ನಮಗಿಂತ ಮುಂದೆ ಹೋಗಿ ಮೇಲಿದ್ದ ಆನೆಗಳನ್ನೆಲ್ಲ ಎಚ್ಚರಿಸಿತ್ತು, ಅವು ತಾವಾಗಿಯೇ ಸರಿದುಕೊಂಡಿದ್ದವು. ನಾನೋ ಅವು ಇಲ್ಲವೇ ಇಲ್ಲವೆಂದು ತಿಳಿದಿದ್ದೆ. ಇಳಿಯುವಾಗ ಗಾಳಿ ಕೆಳಗಿನಿಂದ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಎಷ್ಟು ಹಿತವಾಗಿದೆ ಎಂದು ಟೋಪಿ ತೆಗೆದು ನಡೆದದ್ದು ನೆನಪಿದೆ. ಕಣ್ಣಿಗಿಂತ ಮೂಗನ್ನು ನಂಬಿ ಬದುಕುವ ಪ್ರಾಣಿಗೆ ನಾನು ಬರುತ್ತಿರುವ ಸುದ್ದಿ ತಲುಪಲು ದಾರಿಯೇ ಇರಲಿಲ್ಲ.

ಬಿಸಿಲಿನಿಂದ ಶೋಲಾದೊಳಕ್ಕೆ ಕಾಲಿಟ್ಟಾಗ ಕೆಲವು ಕ್ಷಣ ಕಣ್ಣು ಕತ್ತಲಿಟ್ಟಿತು. ಕೆಸರು, ಹುಳಿ ಬಂದ ಮೇವು, ದನದ ಕೊಟ್ಟಿಗೆ ಎಲ್ಲ ಸೇರಿದ ವಾಸನೆ ಬಂತು. ಯಾರೋ ಮೊರದಲ್ಲಿ ಅಕ್ಕಿ ಕೇರುತ್ತಿರುವಂತೆ, ಒಂದೇ ಲಯದಲ್ಲಿ, ಸರಕ್ ಸರಕ್ ಎಂಬ ಸದ್ದು ಕೇಳುತ್ತಿತ್ತು. ಈ ಕಾಡಿನಲ್ಲಿ ಯಾರು ಅಕ್ಕಿ ಕೇರುತ್ತಾರೆಂದು ನಾನು ಯೋಚಿಸುತ್ತಿರುವಾಗಲೇ ಆ ಸದ್ದು ನಿಂತಿತು. ಕಿವಿ ಬೀಸುವುದನ್ನು ಆನೆ ನಿಲ್ಲಿಸಿತೆಂದರೆ ಅದು ಆಲಿಸುತ್ತಿದೆ ಎಂದರ್ಥ. ಮೂವತ್ತು ಅಡಿ ದೂರದಲ್ಲಿ ನಾನು ಬಂಡೆಯೆಂದು ಭಾವಿಸಿದ್ದರ ಕೆಳಗೆ ನಾಲ್ಕು ಸಣ್ಣ ಕಾಲುಗಳು ಕಂಡವು. ಮರಿಯಾನೆ, ಅದರ ಹಿಂದೆ ತಾಯಿ.

ತಾಯಿ ಕಿವಿಯಗಲಿಸಿ, ತಲೆಯೆತ್ತಿ ಘೀಳಿಟ್ಟು ನುಗ್ಗಿತು. ನಾನು ಓಡಿದೆನೆಂದು ಹೇಳಿಕೊಳ್ಳಲಾರೆ. ಪಕ್ಕಕ್ಕೆ ಹಾರಿದೆ, ಅಲ್ಲಿ ಕೊರಕಲಿತ್ತು. ಹರಡು ಮುರಿದ ಸದ್ದನ್ನು ನೋವಿಗಿಂತ ಮೊದಲು ಕೇಳಿದೆ. ಆನೆ ಅಂಚಿನವರೆಗೆ ಬಂದು, ಮಣ್ಣು ಒದ್ದು, ಎಷ್ಟೋ ಹೊತ್ತು ಅಲ್ಲೇ ಉಸಿರುಬಿಡುತ್ತ ನಿಂತು, ಮರಿಯನ್ನು ಮುಂದೆ ಬಿಟ್ಟುಕೊಂಡು ಕೆಳಗಿನ ಕಾಡಿಗೆ ಇಳಿಯಿತು. ಕೊಲ್ಲುವ ಮನಸ್ಸಿದ್ದಿದ್ದರೆ ನಾನು ಈ ಉತ್ತರ ಬರೆಯುತ್ತಿರಲಿಲ್ಲ.

ವಾಚರ್ ಘೀಳು ಕೇಳಿದೊಡನೆ ಹೊರಟಿದ್ದರೂ ಒಮ್ಮೆಯೂ ನನ್ನ ಹೆಸರು ಹಿಡಿದು ಕೂಗಲಿಲ್ಲ. ಹಿಂಡು ಎತ್ತ ಸರಿಯಿತೆಂಬುದನ್ನು ಏಣಿನ ಮೇಲಿನಿಂದ ಖಚಿತಪಡಿಸಿಕೊಂಡೇ ಇಳಿದು ಬಂದರು. ಎರಡು ಕೋಲಿಟ್ಟು, ನನ್ನದೇ ಟವೆಲ್ಲಿನಿಂದ ಕಾಲು ಕಟ್ಟಿದರು. ಅವರೂ ತಮ್ಮನೂ ಸರದಿಯಲ್ಲಿ ನನ್ನನ್ನು ಬೆನ್ನ ಮೇಲೆ ಹೊತ್ತು ನರಿಮಲೆ ಮುಟ್ಟಿಸುವಷ್ಟರಲ್ಲಿ ಕತ್ತಲಾಗಿತ್ತು. ತಪ್ಪು ಸಂಪೂರ್ಣವಾಗಿ ನನ್ನದೆಂದು ಮರುವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಕೈಬರಹದಲ್ಲಿ ಬರೆದು ಸಹಿ ಹಾಕಿ ಅರಣ್ಯ ಇಲಾಖೆಗೆ ಕಳುಹಿಸಿದೆ. ನನ್ನ ಹುಂಬತನಕ್ಕೆ ದಿನಗೂಲಿಯ ಮನುಷ್ಯ ಉತ್ತರ ಹೇಳುವಂತಾಗಬಾರದೆಂದು.

ಈಗ ನಿಮ್ಮ ಪ್ರಶ್ನೆ. ಆನೆ ಎದುರಾದರೆ ಏನು ಮಾಡಬೇಕೆಂಬುದು ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಮೂವತ್ತು ಅಡಿಯಲ್ಲಿ ಎದುರಾಗಿದೆಯೆಂದರೆ ಮಾಡಬಾರದ್ದನ್ನು ನೀವು ಅರ್ಧ ಗಂಟೆ ಮೊದಲೇ ಮಾಡಿ ಮುಗಿಸಿರುತ್ತೀರಿ. ಇಳಿಜಾರಿನಲ್ಲಿ ಓಡಿದರೆ ಆನೆಗೆ ಬೆನ್ನಟ್ಟಲಾಗದು ಎಂಬ ಮಾತನ್ನು ದಯವಿಟ್ಟು ಮರೆತುಬಿಡಿ. ಥಾಯ್ಲೆಂಡಿನ ಆನೆಗಳನ್ನು ಓಡಿಸಿ ಅಳೆದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಎದೆಯೆತ್ತರದ ಹುಲ್ಲಿನಲ್ಲಿ ಬೆನ್ನಿಗೆ ಚೀಲ ಹೊತ್ತ ನೀವು ಅದರ ಅರ್ಧವನ್ನೂ ಮುಟ್ಟಲಾರಿರಿ. ಪಟಾಕಿ ಒಯ್ಯಬಹುದೇ ಎಂದೂ ಕೇಳಿದ್ದೀರಿ. ಒಣಹುಲ್ಲಿನ ಬೆಟ್ಟಕ್ಕೆ, ಅದೂ ವನ್ಯಜೀವಿಧಾಮದೊಳಕ್ಕೆ, ಪಟಾಕಿ ಒಯ್ಯುವವರಿಗೆ ಆನೆಯ ಭಯಕ್ಕಿಂತ ಜೈಲಿನ ಭಯವಿರಲಿ.

ಒಬ್ಬರೇ ಹೋಗುವ ಮಾತಂತೂ ಬಿಡಿ. ಅನುಮತಿಯಿಲ್ಲದೆ ಬಿಡುವುದಿಲ್ಲ ಎಂಬುದು ಸಣ್ಣ ಕಾರಣ. ವಾಚರ್ ದಾರಿ ತೋರಿಸಲು ಬರುತ್ತಾರೆಂದು ನೀವು ತಿಳಿದಿದ್ದೀರಿ; ದಾರಿಯನ್ನು ನೀವೇ ಹುಡುಕಬಲ್ಲಿರಿ. ಅವರು ಬರುವುದು ಇಂದು ಯಾವ ಶೋಲಾದ ಹತ್ತಿರ ಸುಳಿಯಬಾರದೆಂದು ಹೇಳಲು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ರಾಜ್ಯದಲ್ಲಿ ಚಾರಣದ ನಿಯಮಗಳು ಬಿಗಿಯಾಗಿವೆ. ಹೊರಡುವ ಮೊದಲು ಶ್ರೀಮಂಗಲದ ಅರಣ್ಯ ವಲಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ನಾನು ಆರು ವರ್ಷಗಳ ನಂತರ ಮತ್ತೆ ಹೋದೆ, ಅದೇ ವಾಚರ್ ಜೊತೆಗೆ. ಅದೇ ಕವಲಿಗಿಂತ ಸ್ವಲ್ಪ ಈಚೆಗೆ ಅವರು ನಿಂತು, ಲದ್ದಿ ಸೀಳಿ, ನನ್ನ ಕೈ ಹಿಡಿದು ಒಳಗಿಡಿಸಿದರು. ಒಲೆಯಿಂದ ಆಗತಾನೆ ಇಳಿಸಿದ ರಾಗಿಮುದ್ದೆಯ ಹಾಗೆ ಬಿಸಿಯಿತ್ತು. ಏನೂ ಮಾತಾಡದೆ ಇಬ್ಬರೂ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಮುಕ್ಕಾಲು ಗಂಟೆಯ ನಂತರ ಶೋಲಾದಿಂದ ಐದು ಆನೆಗಳು ಒಂದರ ಹಿಂದೊಂದರಂತೆ ಹೊರಬಂದು, ಎದುರಿನ ಗುಡ್ಡವನ್ನು ಆ ಅಗಲವಾದ ದಾರಿಯಲ್ಲೇ ಏರತೊಡಗಿದವು. ಹೊತ್ತಾಯಿತೆಂದು ಅಲ್ಲಿಂದಲೇ ಹಿಂದಿರುಗಿದೆವು. ಆ ಸಲ ನೆತ್ತಿಗೆ ಹೋಗಲಿಲ್ಲ.