ಬೈಕಿನ ಶಕ್ತಿ ಹೆಚ್ಚಿಸಲು ಎಂತಹ ಕ್ಯಾಮ್‌ಶಾಫ್ಟ್ ಹಾಕಿಸಬೇಕು?

ಕ್ಯಾಟಲಾಗಿನಲ್ಲಿರುವ ಅತಿ ದೊಡ್ಡ ಕ್ಯಾಮ್ ಅನ್ನು (ಎಂಜಿನ್‌ನ ವಾಲ್ವ್‌ಗಳನ್ನು ತೆರೆಸಿ ಮುಚ್ಚಿಸುವ ದಂಡ) ದಯವಿಟ್ಟು ಆರಿಸಬೇಡಿ. ನಿಮ್ಮ ಎಂಜಿನ್ ಹೆಚ್ಚಿನ ಹೊತ್ತು ಎಷ್ಟು ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ಓಡುತ್ತದೆ ಎಂಬುದನ್ನು ಮೊದಲು ಗಮನಿಸಿ. ಆಯ್ಕೆ ನಿಂತಿರುವುದು ಅದರ ಮೇಲೆ.

ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್, ಶಕ್ತಿಯನ್ನು ಮೇಲಿನ ಆರ್‌ಪಿಎಂಗೆ ಸರಿಸುತ್ತದೆ. ಮಿಶ್ರಣವನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ, ಎಂಜಿನ್ ನಿಧಾನವಾಗಿ ತಿರುಗುವಾಗ ಒಳಗೆ ಬಂದ ಗಾಳಿ-ಇಂಧನ ಮಿಶ್ರಣದಲ್ಲಿ ಒಂದು ಪಾಲನ್ನು ಮೇಲೇರುವ ಪಿಸ್ಟನ್ ಹಿಂದಕ್ಕೇ ತಳ್ಳಿಬಿಡುತ್ತದೆ. ಆಗ ಗಾಡಿ ಎಳೆಯುವುದಿಲ್ಲ, ಐಡ್ಲಿಂಗ್ ತಡವರಿಸುತ್ತದೆ. ದೊಡ್ಡ ಕ್ಯಾಮ್ ಜೊತೆಗೆ ಕಂಪ್ರೆಷನ್ (ಮಿಶ್ರಣವನ್ನು ಪಿಸ್ಟನ್ ಒತ್ತುವ ಪ್ರಮಾಣ) ಕೂಡ ಏರಿಸುವುದು ಈ ಕಾರಣಕ್ಕೇ. ದಿನನಿತ್ಯದ ಓಡಾಟಕ್ಕೆ ಲಿಫ್ಟ್ (ವಾಲ್ವ್ ಎಷ್ಟು ತೆರೆಯುತ್ತದೆ ಎಂಬುದು) ತುಸು ಹೆಚ್ಚಿದ್ದು, ಡ್ಯುರೇಷನ್ (ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು) ಮೂಲ ಕ್ಯಾಮ್‌ಗೆ ಹತ್ತಿರವಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಲಿಫ್ಟ್ ಹೆಚ್ಚಿದರೆ ವಾಲ್ವ್ ಪಿಸ್ಟನ್‌ಗೆ ತಗಲುವ ಅಪಾಯವಿದೆ. ಪಿಸ್ಟನ್ ತಲೆಯ ಮೇಲೆ ಮೆದು ಜೇಡಿಮಣ್ಣಿನ ತೆಳು ಪದರ ಇಟ್ಟು, ಹೆಡ್ ಮತ್ತು ಹಳೆಯ ಗ್ಯಾಸ್ಕೆಟ್ ಜೋಡಿಸಿ, ಟೈಮಿಂಗ್ (ಕ್ಯಾಮ್ ಮತ್ತು ಕ್ರ್ಯಾಂಕ್‌ನ ಹೊಂದಾಣಿಕೆ) ಕೂರಿಸಿ, ಕ್ರ್ಯಾಂಕ್ ಅನ್ನು ಕೈಯಿಂದಲೇ ಪೂರ್ತಿ 2 ಸುತ್ತು ತಿರುಗಿಸಿ. ಕ್ಯಾಮ್ 1 ಸುತ್ತು ಮುಗಿಸಲು ಅಷ್ಟು ಬೇಕು. ಬಳಿಕ ಹೆಡ್ ತೆಗೆದು, ಜೇಡಿಮಣ್ಣಿನಲ್ಲಿ ವಾಲ್ವ್ ಒತ್ತಿದ ಗುರುತನ್ನು ಕತ್ತರಿಸಿ, ಅತ್ಯಂತ ತೆಳುವಾದ ಕಡೆ ದಪ್ಪ ಅಳೆದು, ತಯಾರಕರು ಹೇಳಿದ ಅಂತರಕ್ಕೆ ಹೋಲಿಸಿ. ತಿರುಗಿಸುವಾಗ ಎಲ್ಲಾದರೂ ತಡೆದಂತಾದರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ. ಪೂರ್ಣ ಲಿಫ್ಟ್‌ನಲ್ಲಿ ವಾಲ್ವ್ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಎಂದೂ ನೋಡಿ.

ಏರ್ ಫಿಲ್ಟರ್, ಸೈಲೆನ್ಸರ್ ಬದಲಾವಣೆ ಕ್ಯಾಮ್‌ಗಿಂತ ಮೊದಲು ಆಗಲಿ. ಗಾಳಿ ಸರಾಗವಾಗಿ ಹೋಗಿಬರದ ಎಂಜಿನ್‌ಗೆ ಹೊಸ ಕ್ಯಾಮ್ ಹಾಕಿ ಹೆಚ್ಚು ಪ್ರಯೋಜನವಿಲ್ಲ. ಎಲ್ಲ ಮುಗಿದ ಮೇಲೆ ಇಂಧನದ ಪ್ರಮಾಣ ನಿರ್ಧರಿಸುವ ಕಾರ್ಬ್ಯುರೇಟರ್ ಜೆಟ್ ಅಥವಾ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮ್ಯಾಪ್ ಅನ್ನು ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಹೊಂದಿಸಿಕೊಳ್ಳಿ. ಇಂಧನ ಕಡಿಮೆಯಾದರೆ ಪಿಸ್ಟನ್ನೇ ಕರಗಬಹುದು.