ಬಿಸಿನೀರು ಮಾತ್ರ ಆನ್ ಮಾಡಿದರೂ ರೇಡಿಯೇಟರ್ ಬಿಸಿಯಾಗುವುದು ಏಕೆ?

ಬಾಯ್ಲರ್ ಈಗಲೇ ಬದಲಾಯಿಸಬೇಡಿ. ಸ್ನಾನದ ನೀರಿಗೆ ಮಾತ್ರ ಆನ್ ಮಾಡಿದರೂ, ಕೋಣೆ ಬೆಚ್ಚಗಿಡಲು ಒಳಗೆ ಬಿಸಿನೀರು ಹರಿಯುವ ಮಹಡಿಯ ರೇಡಿಯೇಟರ್‌ಗಳು ಬಿಸಿಯಾಗುತ್ತವೆ, ಹೀಟಿಂಗ್ (ಕೋಣೆ ಕಾಯಿಸುವ) ಕಡೆಯ ಮೋಟಾರ್ ವಾಲ್ವ್, ಅಂದರೆ ರೇಡಿಯೇಟರ್‌ಗೆ ಹೋಗುವ ನೀರನ್ನು ಕರೆಂಟ್‌ನಿಂದ ಬಿಡುವ, ತಡೆಯುವ ವಾಲ್ವ್, ಹೊಸದು ಹಾಕಿಸಿದರೂ ಸರಿಹೋಗಿಲ್ಲ, ಈಗ ಬಾಯ್ಲರೇ ಹೋಗಿದೆ ಅಂತ ಪ್ಲಂಬರ್ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಬಾಯ್ಲರ್ ನೀರು ಕಾಯಿಸುತ್ತದೆ ಅಷ್ಟೇ. ಕಾದ ನೀರು ಯಾವ ದಾರಿ ಹಿಡಿಯುತ್ತದೆ ಅನ್ನೋದು ವಾಲ್ವ್ ಮತ್ತು ಪೈಪ್‌ಗೆ ಸೇರಿದ್ದು.

ಮೊದಲು ಒಂದು ಪರೀಕ್ಷೆ ಮಾಡಿ, ಇದಕ್ಕೆ ಕೈ ಒಂದಿದ್ದರೆ ಸಾಕು. ಎಲ್ಲ ತಣ್ಣಗಿರುವಾಗ ಹೀಟಿಂಗ್ ಆನ್ ಮಾಡಿ, ಪ್ರತಿ ರೇಡಿಯೇಟರ್‌ನ ಕೆಳಗಿನ ಎರಡು ಪೈಪ್‌ಗಳಲ್ಲಿ ಯಾವುದು ಮೊದಲು ಬಿಸಿಯಾಗುತ್ತದೆ ಅಂತ ಮುಟ್ಟಿ ನೋಡಿ. ಅದೇ ನೀರು ಒಳಗೆ ಬರುವ ಪೈಪ್. ಗುರುತು ಹಾಕಿಕೊಳ್ಳಿ. ಪೂರ್ತಿ ತಣ್ಣಗಾದ ಮೇಲೆ ಬಿಸಿನೀರು ಮಾತ್ರ ಆನ್ ಮಾಡಿ ಮತ್ತೆ ಮುಟ್ಟಿ. ಬಿಸಿಯಾಗುವ ಎಲ್ಲ ರೇಡಿಯೇಟರ್‌ಗಳಲ್ಲೂ ಗುರುತು ಹಾಕಿದ ಪೈಪೇ ಮೊದಲು ಬಿಸಿಯಾದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಒಂದರಲ್ಲಾದರೂ ಇನ್ನೊಂದು ಪೈಪ್ ಮೊದಲು ಕಾದರೆ ನೀರು, ಹೊರಗೆ ಹೋಗಬೇಕಾದ ವಾಪಸ್ ಪೈಪ್‌ನಿಂದ ಉಲ್ಟಾ ನುಗ್ಗುತ್ತಿದೆ ಎಂದರ್ಥ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಅಂತ ನನ್ನ ಅನುಮಾನ, ಯಾಕೆಂದರೆ ವಾಲ್ವ್ ಹೊಸದು.

ಹೇಗೆ ಅಂತೀರಾ? ಸಿಲಿಂಡರ್ ಅಂದರೆ ಬಾಯ್ಲರ್‌ನ ನೀರು ಒಳಗಿನ ಸುರುಳಿ ಪೈಪ್‌ನಲ್ಲಿ ಹರಿದು ಸ್ನಾನದ ನೀರು ಕಾಯಿಸುವ ಟ್ಯಾಂಕ್. ಬಿಸಿನೀರಿನ ಸಿಲಿಂಡರ್‌ನಿಂದ ವಾಪಸ್ ಬರುವ ಪೈಪ್, ಎಲ್ಲ ರೇಡಿಯೇಟರ್‌ಗಳ ವಾಪಸ್ ಪೈಪ್‌ಗಳು ಒಂದಾದ ಮೇಲೆ, ಬಾಯ್ಲರ್‌ಗೆ ಹತ್ತಿರದಲ್ಲಿ, ಕೊನೆಯದಾಗಿ ಸೇರಬೇಕು. ಯಾರೋ ಪೈಪ್ ಉಳಿಸಲು ಅದನ್ನು ನಡುವೆಯೇ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ಸೇರಿಸಿರುತ್ತಾರೆ. ಆಗ ಆ ಟೀಯಿಂದ ಬರುವ ನೀರು ಒಂದು ರೇಡಿಯೇಟರ್‌ನೊಳಗೆ ಹಿಂದಿನಿಂದ ಹತ್ತಿ, ಅದರ ಮುಂಬಾಗಿಲಿನಿಂದ, ಅಂದರೆ ನೀರು ಒಳಗೆ ಬರಬೇಕಾದ ಪೈಪ್‌ನಿಂದ, ಇಳಿದು, ಬಾಯ್ಲರ್‌ಗೆ ಹತ್ತಿರವಿರುವ ಇನ್ನೊಂದು ರೇಡಿಯೇಟರ್ ಮೂಲಕ ಹಾದು ವಾಪಸ್ ಹೋಗುತ್ತದೆ. ಈ ಸುತ್ತಿನಲ್ಲಿ ಮೋಟಾರ್ ವಾಲ್ವ್ ಬರುವುದೇ ಇಲ್ಲ. ಅದನ್ನು ಎಷ್ಟು ಸಲ ಬದಲಾಯಿಸಿದರೂ ದುಡ್ಡು ದಂಡ, ಅಷ್ಟೇ.

ಸಿಲಿಂಡರ್‌ನ ಕೆಳಭಾಗದಿಂದ ಬಾಯ್ಲರ್ ಕಡೆಗೆ ವಾಪಸ್ ಹೋಗುವ ಪೈಪ್ ಹಿಡಿದು ಅದು ಎಲ್ಲಿ ಸೇರುತ್ತದೆ ಅಂತ ಹುಡುಕಿ. ನೆಲದ ಹಲಗೆಯ ಕೆಳಗೆ ಇದ್ದರೆ ಕಷ್ಟ, ಆದರೂ ಬಾಯ್ಲರ್ ಬದಲಾಯಿಸುವುದಕ್ಕಿಂತ ಹಲಗೆ ಎತ್ತುವುದು ಎಷ್ಟೋ ವಾಸಿ ಅಲ್ವಾ? ಟೀಯನ್ನು ಸರಿಯಾದ ಜಾಗಕ್ಕೆ ಸರಿಸುವುದೇ ನಿಜವಾದ ಪರಿಹಾರ. ಅದು ಆಗದಿದ್ದರೆ ರೇಡಿಯೇಟರ್‌ಗಳ ವಾಪಸ್ ಪೈಪ್‌ಗೆ ನೀರು ಒಂದೇ ಕಡೆ ಹರಿಯುವ ಚೆಕ್ ವಾಲ್ವ್ ಹಾಕಿಸಬಹುದು. ನನಗೆ ಇದು ಎರಡನೇ ಆಯ್ಕೆ, ಕಸ ಸಿಕ್ಕಿಕೊಂಡರೆ ಅದೂ ಪೂರ್ತಿ ಮುಚ್ಚುವುದಿಲ್ಲ.

ಅಕಸ್ಮಾತ್ ಪರೀಕ್ಷೆ ವಾಲ್ವ್ ಕಡೆಗೇ ಬೆರಳು ತೋರಿಸಿದರೆ ಹೀಗೆ ಮಾಡಿ. ಹೀಟಿಂಗ್ ಆಫ್ ಇದ್ದಾಗ ವಾಲ್ವ್ ಪಕ್ಕದ ಚಿಕ್ಕ ಲಿವರ್ ತಳ್ಳಿದರೆ ಸ್ಪ್ರಿಂಗ್ ತಡೆಯುವುದು ಕೈಗೆ ಗೊತ್ತಾಗಬೇಕು. ಸುಮ್ನೆ ಸಡಿಲವಾಗಿ ಓಡಾಡಿದರೆ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ಅದಕ್ಕೆ ಇನ್ನೂ ಕರೆಂಟ್ ಬರುತ್ತಿದೆ. ಮುಂದಿನದಕ್ಕೆ ಮೇನ್ ಸ್ವಿಚ್ ಆಫ್ ಮಾಡಲೇಬೇಕು, ಒಳಗಿರುವುದು ಮನೆಯ ಕರೆಂಟೇ. ಮೋಟಾರ್ ಇರುವ ತಲೆ ಕಳಚಿ, ಕೆಳಗಿನ ಕಡ್ಡಿಯನ್ನು ತಿರುಗಿಸಿ ನೋಡಿ. ಸುಲಭವಾಗಿ ತಿರುಗಿದರೆ ತೊಂದರೆ ಬಹುಶಃ ತಲೆಯಲ್ಲಿದೆ, ಬಿಗಿಯಾಗಿದ್ದರೆ ವಾಲ್ವ್ ಮೈಯಲ್ಲೇ ಇದೆ. ನಿಮಗೆ ಹಾಕಿದ್ದು ತಲೆ ಮಾತ್ರವೋ, ಇಡೀ ವಾಲ್ವೋ ಅಂತಲೂ ಪ್ಲಂಬರನ್ನು ಕೇಳಿ. ತಲೆ ಮಾತ್ರ ಹೊಸದಾಗಿದ್ದರೆ ಒಳಗಿನ ಹಳೇ ರಬ್ಬರ್ ಸವೆದು ನೀರು ಸೋರುತ್ತಿರಬಹುದು.

ಪೈಪ್ ಕೆಲಸಕ್ಕೆ ನೀರು ಖಾಲಿ ಮಾಡಿಸುವಾಗ ಅದರ ಬಣ್ಣ ನೋಡಿ. ಕಪ್ಪಗಿದ್ದರೆ ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತಿದೆ. ಪೂರ್ತಿ ತೊಳೆಸಿ, ಮತ್ತೆ ತುಂಬಿಸುವಾಗ ತುಕ್ಕು ತಡೆಯುವ ದ್ರವ ಹಾಕಿಸಿ, ಇಲ್ಲದಿದ್ದರೆ ಹೊಸ ವಾಲ್ವೂ ಸಿಕ್ಕಿಕೊಳ್ಳಬಹುದು.